ಗೊಟಗೋಡಿಯ ಶಿಲ್ಪಗ್ರಾಮ, ಬೆಟಗೇರಿಯ ಮಗ್ಗ

ಹಳ್ಳಿ ತೊರೆದು ಪಟ್ಟಣ ಸೇರಿದ ಕುಟುಂಬಗಳ ಮಕ್ಕಳಿಗೆ ಕೂರಿಗೆ, ತಿದಿ, ತಿಗರಿ ಎಂಬವು ಇಂದು ಅರ್ಥಕೋಶದ ಪದಗಳು. ಆ ಪದಗಳ ಹಿಂದಿನ ಬದುಕನ್ನು ಕಣ್ಣಾರೆ ಕಾಣಲು ಗದಗ-ಬೆಟಗೇರಿಯಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ತಾಣವೊಂದಿದೆ. ಅದುವೇ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್.

ಗದಗಿನಿಂದ ಲಕ್ಷ್ಮೇಶ್ವರ ಸುಮಾರು 40 ಕಿ.ಮೀ. ಮುಂಡರಗಿಯವರು ಶಿರಹಟ್ಟಿ ಮಾರ್ಗವಾಗಿ ಇಲ್ಲಿಗೆ ಬಂದು ಸೇರಬಹುದು. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ಇರುವ ನಾಡನ್ನು ಹೇಳುವಾಗ ಹೆಸರಿಸಿದ ಊರುಗಳಲ್ಲಿ ಇದೂ ಒಂದು. ಇಲ್ಲಿನ ಸೋಮೇಶ್ವರ ದೇವಾಲಯ ನೋಡಿಕೊಂಡು ಶಿಗ್ಗಾವಿಯತ್ತ ಸಾಗಿದರೆ ಪುಣೆ-ಬೆಂಗಳೂರು ಹೆದ್ದಾರಿ ಸಿಗುತ್ತದೆ. ಗೊಟಗೋಡಿ ಇರುವುದು ಆ ಹೆದ್ದಾರಿಯ ಬದಿಯಲ್ಲಿಯೇ.

ಉತ್ತರ ಕರ್ನಾಟಕದ ಗ್ರಾಮವೊಂದನ್ನು ಬಯಲಿನಲ್ಲಿ ಆಳೆತ್ತರದ ಶಿಲ್ಪಗಳಿಂದ ಕಟ್ಟಿ ನಿಲ್ಲಿಸಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ಬಯಲಾಟ ರಂಗದಲ್ಲೂ ಹೆಸರು ಮಾಡಿದ್ದ ಅವರು 2020ರಲ್ಲಿ ನಿಧನರಾದರು. ಮನೆ, ಕಟ್ಟೆ, ದನಕರು, ಕಸುಬುದಾರರು, ದುಡಿಮೆಯ ನಡುವೆಯೇ ತಡೆದು ನಿಂತಂತಿರುವ ಗಂಡಸರು, ಹೆಂಗಸರು ಇಲ್ಲಿದ್ದಾರೆ.

ಈ ದೃಶ್ಯಗಳ ಹಿಂದೆ ಒಂದು ವ್ಯವಸ್ಥೆಯಿತ್ತು. ಬಡಿಗ, ಕಮ್ಮಾರ, ಕುಂಬಾರ ಮೊದಲಾದವರು ರೈತನ ಕೆಲಸವನ್ನು ವರ್ಷವಿಡೀ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಧಾನ್ಯ ಸಲ್ಲುತ್ತಿತ್ತು. ಇದೇ ಆಯ. ಟ್ರ್ಯಾಕ್ಟರ್ ಬಂದ ಮೇಲೆ ರಂಟೆ-ಕುಂಟೆಗಳ ದುರಸ್ತಿ ಕಡಿಮೆಯಾಯಿತು. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಮಣ್ಣಿನ ಕೊಡ ಮೂಲೆಗೆ ಸರಿಯಿತು. ಕಸುಬುಗಳೊಂದಿಗೆ ಆಯದ ಋಣಾನುಬಂಧವೂ ಸಡಿಲಿತು. ಅದೇ ವ್ಯವಸ್ಥೆಯೊಳಗೆ ಜಾತಿಯ ಕಟ್ಟುಪಾಡೂ ಇತ್ತು ಎಂಬುದನ್ನು ಶಿಲ್ಪಗಳ ಸೊಬಗಿನಲ್ಲಿ ಮರೆಯಲಾಗದು.

ಆದ್ದರಿಂದ ಈ ಪ್ರವಾಸಕ್ಕೆ ಮನೆಯ ಹಿರಿಯರನ್ನು ಕರೆದೊಯ್ಯುವುದು ಲೇಸು. ಶಿಲ್ಪ ರೂಪವನ್ನು ತೋರಿಸುತ್ತದೆ. ಬಳಕೆಯ ಅರಿವು ಹಿರಿಯರಲ್ಲಿದೆ. ಜೋಳ ತುಂಬಿಡುತ್ತಿದ್ದ ಹಗೇವನ್ನೇ ನೋಡಿ. ನೆಲದಡಿಯ ಆ ಕುಳಿಯನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಉಸಿರಾಡುವ ಗಾಳಿ ಕ್ಷೀಣಿಸಿರುತ್ತದೆ ಎಂಬುದನ್ನರಿತು, ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಇಳಿಯುವಂತಿಲ್ಲ. ಇಂಥ ವಿವೇಕವನ್ನು ಸಿಮೆಂಟಿನಲ್ಲಿ ಎರಕಹೊಯ್ಯಲಾಗದು.

ಗೊಟಗೋಡಿಯಲ್ಲಿಯೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. 2011ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಗೆ ಅಂಥ ತಿಳಿವಳಿಕೆಯ ಅಧ್ಯಯನವೇ ಕಾಯಕ.

ಸಂಜೆ ಊರಿಗೆ ಮರಳಿದವರು ಒಮ್ಮೆ ಬೆಟಗೇರಿಯ ನೇಕಾರರ ಓಣಿಯನ್ನೂ ಹೊಕ್ಕು ಬರಬೇಕು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರ, ಹಾಸಿನ ನೂಲುಗಳ ನಡುವೆ ಲಾಳಿ ಓಡಿಸಿ ಹೊಕ್ಕು ಹೆಣೆಯುವ ವಿದ್ಯೆ ಈ ಊರಿನ ಹೆಸರಿನೊಂದಿಗೆ ಬೆಸೆದುಕೊಂಡದ್ದು. ಕೈಮಗ್ಗದ ಸೀರೆಗೆ ತಕ್ಕ ಬೆಲೆ ದೊರೆತರೆ ಲಾಳಿ ಓಡುತ್ತದೆ. ದೊರೆಯದಿದ್ದರೆ ನೇಕಾರನ ಮಗ ಬೇರೆ ದುಡಿಮೆ ಹಿಡಿಯುತ್ತಾನೆ. ಆಗ ಬೆಟಗೇರಿಯವರು ತಮ್ಮೂರಿನ ಮಗ್ಗವನ್ನು ನೋಡಲು ಕೂಡ ಶಿಲ್ಪಗಳಿರುವ ಊರಿಗೇ ಪ್ರಯಾಣ ಬೆಳೆಸಬೇಕಾದೀತು.