ಹದಿನೈದು ಸೆಂಟ್ಸ್ ಜಾಗ, ನಲವತ್ತು ನಿಮಿಷದ ಆಟ

ಬಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್, ಅಗಲ 15. ಗುಣಿಸಿದರೆ 420 ಚದರ ಮೀಟರ್, ನಮ್ಮೂರಿನ ಅಳತೆಯಲ್ಲಿ ಹತ್ತೂವರೆ ಸೆಂಟ್ಸಿಗೆ ಚೂರು ಕಡಿಮೆ. ಗೆರೆಯಾಚೆ ಸುತ್ತಲೂ 2 ಮೀಟರ್ ಖಾಲಿ ಇರಬೇಕು ಎಂಬುದೂ ನಿಯಮವೇ. ಓಡಿ ಬಂದವರು ಕಾಂಪೌಂಡಿಗೆ ಬಡಿಯಬಾರದಲ್ಲ! ಅಲ್ಲಿಗೆ 32ಕ್ಕೆ 19, ಒಟ್ಟು 608 ಚದರ ಮೀಟರ್, ಸರಿಯಾಗಿ 15 ಸೆಂಟ್ಸ್. ಗೋಕರ್ಣನಾಥ ಕ್ಷೇತ್ರದಿಂದ ಅಳಕೆಯವರೆಗೆ ಮನೆ, ಅಂಗಡಿ, ಫ್ಲ್ಯಾಟುಗಳು ಒತ್ತಿಕೊಂಡಿರುವ ಮಂಗಳೂರಿನ ಕುದ್ರೋಳಿಯಲ್ಲಿ ಅಷ್ಟು ಸಮತಟ್ಟು ಜಾಗ ಹುಡುಕುವುದೇ ದೊಡ್ಡ ಪಂದ್ಯ.

ಜಾಗ ಸಿಕ್ಕಿತು ಎನ್ನಿ. 10 ಸೆಂ.ಮೀ. ದಪ್ಪ ಕಾಂಕ್ರೀಟ್ ಹಾಕಿದರೆ ಸುಮಾರು 61 ಘನ ಮೀಟರ್ ಬೇಕು. ಒಂದಕ್ಕೆ ಒಂದೂವರೆ, ಮೂರರ ಮಿಶ್ರಣಕ್ಕೆ 490 ಮೂಟೆ ಸಿಮೆಂಟ್, 9 ಯುನಿಟ್ ಮರಳು, 18 ಯುನಿಟ್ ಜಲ್ಲಿ. ಮೂಟೆಗೆ 400 ರೂಪಾಯಿ ಹಿಡಿದರೂ ಸಿಮೆಂಟಿಗೇ 1.96 ಲಕ್ಷ. ಕಂಬ, ಹಲಗೆ, ದೀಪ, ಕೂಲಿ ಬೇರೆ.

ಮಂಗಳೂರಿನಲ್ಲಿ ಅದಕ್ಕಿಂತ ದೊಡ್ಡ ಲೆಕ್ಕ ಮಳೆಯದು. 608 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 608 ಲೀಟರ್ ನೀರು. 2018ರ ಮೇ 29ರಂದು ನಗರವೇ ಮುಳುಗಿದ ದಿನದಂತೆ 300 ಮಿ.ಮೀ. ಸುರಿದರೆ 1,82,400 ಲೀಟರ್, ಅದೂ ಒಂದೇ ದಿನಕ್ಕೆ. ನೀರು ತೋಡಿಗೆ ಇಳಿಯಲು ನೂರಕ್ಕೆ ಒಂದರಂತೆ ಇಳಿಜಾರು ಬೇಕು. ಅದನ್ನು ಅಗಲಕ್ಕೆ ಕೊಡಬೇಕು, ಉದ್ದಕ್ಕೆ ಕೊಟ್ಟರೆ ಅಂಕಣದ ಒಂದು ತುದಿ ಇನ್ನೊಂದಕ್ಕಿಂತ 28 ಸೆಂ.ಮೀ. ತಗ್ಗಿ, ಒಂದು ತಂಡ ಏರು ಹತ್ತಿ ಆಡಬೇಕಾಗುತ್ತದೆ. ರಿಂಗು ನೆಲದಿಂದ 3.05 ಮೀಟರ್ ಎತ್ತರ. ಈ ಅಳತೆಯಲ್ಲಿ ರಿಯಾಯಿತಿ ಇಲ್ಲ.

ಇನ್ನು ಗೆರೆಗಳು. ಅಂಚು, ನಡುಗೆರೆ, ವೃತ್ತಗಳು, ಫ್ರೀ ಥ್ರೋ ಚೌಕ, ಮೂರು ಅಂಕದ ಕಮಾನು ಎಲ್ಲ ಸೇರಿಸಿದರೆ ಸುಮಾರು 215 ಮೀಟರ್. ಗೆರೆಯ ದಪ್ಪ 5 ಸೆಂ.ಮೀ. ಆದ್ದರಿಂದ ಬಣ್ಣ ಬಳಿಯುವ ಜಾಗ 11 ಚದರ ಮೀಟರ್ ಕೂಡ ಆಗದು. ಆಟದ ಅರ್ಧ ನಿಯಮ ಇಷ್ಟರಲ್ಲೇ ಇದೆ. ಕಮಾನಿನ ಹೊರಗಿಂದ ಹಾಕಿದರೆ 3 ಅಂಕ, ಒಳಗಿಂದ 2, ಫ್ರೀ ಥ್ರೋಗೆ 1. ಎದುರಾಳಿ ರಿಂಗಿನ ಕೆಳಗಿನ ಚೌಕದಲ್ಲಿ 3 ಸೆಕೆಂಡಿಗಿಂತ ಹೆಚ್ಚು ಠಿಕಾಣಿ ಹೂಡುವಂತಿಲ್ಲ. ಚೆಂಡು 8 ಸೆಕೆಂಡಿನೊಳಗೆ ನಡುಗೆರೆ ದಾಟಬೇಕು. ಚೆಂಡನ್ನು ಪುಟಿಸದೆ ಓಡುವಂತಿಲ್ಲ. ಐದು ಫೌಲ್ ಆದವರು ಹೊರಗೆ.

ಜಾಗ ಸಾಲದೆಂದು ಅಗಲ ಕತ್ತರಿಸುವವರು ಮೂಲೆಯನ್ನು ನೋಡಬೇಕು. ಕಮಾನು ರಿಂಗಿನಿಂದ 6.75 ಮೀಟರ್ ದೂರ, ಮೂಲೆಯಲ್ಲಿ ಮಾತ್ರ 6.60. ಪಕ್ಕದ ಗೆರೆಗೆ ಉಳಿಯುವುದು 90 ಸೆಂ.ಮೀ. ಅಗಲ 14 ಮೀಟರಿಗೆ ಇಳಿಸಿದರೆ ಉಳಿಯುವುದು 40, ಬೂಟು ಊರಿ ನಿಲ್ಲಲಷ್ಟೇ ಸಾಕು. 13ಕ್ಕೆ ಇಳಿಸಿದರೆ ಮೂಲೆಯ ಮೂರು ಅಂಕವೇ ಮಾಯ.

ಸಮಯಕ್ಕೂ ಹೀಗೇ ಬೆಲೆಯಿದೆ. 10 ನಿಮಿಷದ ನಾಲ್ಕು ಕಾಲುಗಳು, ವಿರಾಮ 19 ನಿಮಿಷ, ಟೈಮ್‌ಔಟ್ ಗರಿಷ್ಠ 10. ಗಡಿಯಾರ ನಿಲ್ಲುವ ಹೊತ್ತನ್ನು ಬಿಟ್ಟೇ 69 ನಿಮಿಷ. ಚೆಂಡು ಸಿಕ್ಕ ತಂಡ 24 ಸೆಕೆಂಡಿನಲ್ಲಿ ಎಸೆಯಲೇಬೇಕು. ಈ ಸಂಖ್ಯೆಯೂ ಭಾಗಾಕಾರದ ಫಲ. 1950ರಲ್ಲಿ ಅಮೆರಿಕದ ಎನ್‌ಬಿಎ ಪಂದ್ಯವೊಂದು ಚೆಂಡು ಬಚ್ಚಿಟ್ಟುಕೊಂಡೇ 19-18ಕ್ಕೆ ಮುಗಿದಿತ್ತು. ಪಂದ್ಯಕ್ಕೆ 120 ಎಸೆತವಾದರೂ ಬೇಕೆಂದು, 48 ನಿಮಿಷದ 2,880 ಸೆಕೆಂಡನ್ನು 120ರಿಂದ ಭಾಗಿಸಿ 1954ರಲ್ಲಿ ಈ ನಿಯಮ ತಂದರು.

ಕುದ್ರೋಳಿಗೆ ಒಪ್ಪುವುದು ಅರ್ಧ ಅಂಕಣದ ತ್ರೀ ಇಂಟು ತ್ರೀ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಆಡಿಸಿದ್ದು. ಅಂಕಣ 15ಕ್ಕೆ 11 ಮೀಟರ್, ಅಂದರೆ 4 ಸೆಂಟ್ಸ್. ಸುತ್ತ 2 ಮೀಟರ್ ಬಿಟ್ಟರೂ 7 ಸೆಂಟ್ಸ್, 230 ಮೂಟೆ ಸಿಮೆಂಟ್. ತಂಡಕ್ಕೆ ನಾಲ್ವರು, ಕಣದಲ್ಲಿ ಮೂವರು. ಎಸೆಯಲು 12 ಸೆಕೆಂಡ್. ಕಮಾನಿನ ಒಳಗೆ 1, ಹೊರಗೆ 2 ಅಂಕ. ಹತ್ತು ನಿಮಿಷ ಇಲ್ಲವೇ 21 ಅಂಕ, ಯಾವುದು ಮೊದಲೋ ಅಲ್ಲಿಗೆ ಆಟ ಮುಗಿಯಿತು. ಪಂದ್ಯಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ಸಂಜೆಯ ಎರಡು ಗಂಟೆಯಲ್ಲಿ ಆರು ಪಂದ್ಯ, 48 ಮಂದಿಗೆ ಆಟ. ಪೂರ್ಣ ಅಂಕಣದಲ್ಲಿ ಅದೇ ಹೊತ್ತಿಗೆ ಒಂದೇ ಪಂದ್ಯ, ಬೆಂಚು ಸೇರಿಸಿ ಹೆಚ್ಚೆಂದರೆ 24 ಮಂದಿ. ಉಳಿದ ಎಂಟು ಸೆಂಟ್ಸಿನ ಹಣವನ್ನು ಮಾಡಿಗೆ ಹಾಕಿ. ಮಾಡಿಲ್ಲದ ಅಂಕಣ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯಲಿಕ್ಕೆ ಮಾತ್ರ.