ಮಾಲ್‌ನ ಬಾಡಿಗೆ ಯಾರ ಮನೆಗೆ?

ನಾಗಮಂಗಲದಿಂದ ಜಕ್ಕನಹಳ್ಳಿ ಹಾದು ಬರುವವರು, ಕೆ.ಆರ್. ಪೇಟೆಯಿಂದ ಚಿನಕುರಳಿ ಮೇಲೆ ಬರುವವರು, ಪಾಂಡವಪುರದಲ್ಲಿ ಬಸ್ ಹತ್ತುವವರು ಹೆಚ್ಚಾಗಿ ಶ್ರೀರಂಗಪಟ್ಟಣ ದಾಟಿಯೇ ಮೈಸೂರು ಸೇರುತ್ತಾರೆ. ಮದುವೆ ಜವಳಿಗೆ ಹಿರಿಯರು ಇಂದಿಗೂ ದೇವರಾಜ ಅರಸು ರಸ್ತೆ ಎನ್ನುತ್ತಾರೆ. ಮಕ್ಕಳು ಹಟ ಹಿಡಿಯುವುದು ನಜರ್‌ಬಾದಿನ ಮಾಲ್‌ಗೆ. ಮೊದಲು ಫೋರಂ ಸೆಂಟರ್ ಸಿಟಿ ಎನ್ನುತ್ತಿದ್ದ ಆ ಕಟ್ಟಡ ಈಗ ನೆಕ್ಸಸ್ ಸೆಂಟರ್ ಸಿಟಿ. ಅಲ್ಲಿ ಕೊಂಡ ಒಂದು ಜೊತೆ ಚಪ್ಪಲಿಯ ಬೆಲೆಯಲ್ಲೂ ಬಾಡಿಗೆಯ ಪಾಲಿರುತ್ತದೆ. ಆ ಪಾಲು ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ನಾಲ್ಕು ತಾಲ್ಲೂಕಿನವರಿಗೆ ಸಂಬಂಧಿಸಿದ ವಿಷಯವೇ.

ಆ ಮಾಲ್ ಒಬ್ಬ ಮಾಲೀಕನದಲ್ಲ. ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಎಂಬ ರೀಟ್, ಅಂದರೆ ಬಾಡಿಗೆ ಬರುವ ಕಟ್ಟಡಗಳನ್ನು ಹೊಂದಿ ಹೂಡಿಕೆದಾರರಿಗೆ ಯೂನಿಟ್ ಲೆಕ್ಕದಲ್ಲಿ ಪಾಲು ಕೊಡುವ ಟ್ರಸ್ಟ್, ಅದನ್ನು ಹೊಂದಿದೆ. ಅಮೆರಿಕದ ಬ್ಲ್ಯಾಕ್‌ಸ್ಟೋನ್ ಸಂಸ್ಥೆ ನಮ್ಮ ದೇಶದ ಮಾಲ್‌ಗಳನ್ನು ಒಂದೊಂದಾಗಿ ಕೊಂಡು ಕಟ್ಟಿದ ಗುಂಪು ಇದು. ಬೆಂಗಳೂರಿನ ಪ್ರೆಸ್ಟೀಜ್ ಸಮೂಹದಿಂದ ಫೋರಂ ಮಾಲ್‌ಗಳು ಬಂದು ಸೇರಿದವು. 2004ರಲ್ಲಿ ತೆರೆದ ಕೋರಮಂಗಲದ ಫೋರಂ, ಮಂಗಳೂರಿನ ಫಿಜಾ ಕೂಡ ಅದರಲ್ಲಿವೆ. 2023ರ ಮೇ 19ರಂದು, 14 ನಗರಗಳ 17 ಮಾಲ್‌ಗಳೊಂದಿಗೆ, ಟ್ರಸ್ಟ್ ಷೇರುಪೇಟೆಗೆ ಬಂತು. ಒಂದು ಯೂನಿಟ್‌ಗೆ 100 ರೂಪಾಯಿಯಂತೆ ಎತ್ತಿದ ಮೊತ್ತ 3,200 ಕೋಟಿ. ಕಚೇರಿ ಕಟ್ಟಡಗಳ ರೀಟ್ ಅದಕ್ಕೂ ಮೊದಲೇ, 2019ರಲ್ಲಿ ಬೆಂಗಳೂರಿನ ಎಂಬಸಿ ಸಮೂಹದಿಂದ ಶುರುವಾಗಿತ್ತು; ಮುಖ್ಯವಾಗಿ ಮಾಲ್‌ಗಳದ್ದು ದೇಶದಲ್ಲಿ ಇದೇ ಮೊದಲು.

ಮಾಲ್‌ನ ಬಾಡಿಗೆ ಪದ್ಧತಿ ನಮ್ಮ ಸಂತೆ ಸುಂಕದ ಹಾಗಲ್ಲ. ಸಂತೆಯಲ್ಲಿ ಹರಾಜು ಹಿಡಿದ ಗುತ್ತಿಗೆದಾರ ಕೂತ ಜಾಗಕ್ಕೆ ಇಷ್ಟು ಎಂದು ವಸೂಲಿ ಮಾಡುತ್ತಾನೆ. ಟೊಮೆಟೊ ಖಾಲಿಯಾಯಿತೋ, ಬುಟ್ಟಿಯಲ್ಲೇ ಉಳಿಯಿತೋ ಅವನಿಗೆ ಬೇಕಿಲ್ಲ. ಮಾಲ್‌ನಲ್ಲಿ ಕನಿಷ್ಠ ಬಾಡಿಗೆ ಒಂದನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಅದರ ಜೊತೆಗೆ ವ್ಯಾಪಾರದಲ್ಲಿ ಇಷ್ಟು ಪಾಲು ಎಂಬ ಕರಾರೂ ಇರುತ್ತದೆ. ಸಾಮಾನ್ಯವಾಗಿ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಅಂಗಡಿಯವರು ಕಟ್ಟುತ್ತಾರೆ. ಹಾಗಾಗಿ ಕೌಂಟರಿನಲ್ಲಿ ಹರಿದ ಪ್ರತಿ ಬಿಲ್ಲಿನ ಲೆಕ್ಕ ಮಾಲೀಕರಿಗೂ ಮುಟ್ಟುತ್ತದೆ. ಶನಿವಾರ, ಭಾನುವಾರ ಜನ ತುಂಬಿದರೆ ಬಾಡಿಗೆಯೂ ಏರುತ್ತದೆ. ಜನ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು: ಮಾರ್ಚ್‌ನಲ್ಲಿ ಮುಚ್ಚಿದ ಮಾಲ್‌ಗಳು ಜೂನ್‌ವರೆಗೆ ತೆರೆಯಲಿಲ್ಲ, ಚಿತ್ರಮಂದಿರಗಳು ಅಕ್ಟೋಬರ್‌ವರೆಗೆ. ಬಾಡಿಗೆ ಬಿಟ್ಟುಕೊಡುವುದು ಅನಿವಾರ್ಯವಾಯಿತು.

ಕಬ್ಬಿನ ದುಡ್ಡು ಕೈಗೆ ಬಂದಾಗ ತಾಲ್ಲೂಕು ಕೇಂದ್ರದಲ್ಲಿ ನಾಲ್ಕು ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಡುವುದು ನಮ್ಮ ಕಡೆಯ ಹಳೆಯ ಯೋಚನೆ. ರೀಟ್ ಆ ಯೋಚನೆಯ ಜಾಡೇ, ನಿಯಮಗಳು ಮಾತ್ರ ಬಿಗಿ. ಷೇರುಪೇಟೆ ನಿಯಂತ್ರಕ ಸೆಬಿಯ 2014ರ ನಿಯಮಾವಳಿಯಂತೆ ಆಸ್ತಿಯ ಮೌಲ್ಯದಲ್ಲಿ ಕನಿಷ್ಠ ಶೇ. 80ರಷ್ಟು ಪೂರ್ಣಗೊಂಡು ಬಾಡಿಗೆ ತರುವ ಕಟ್ಟಡಗಳೇ ಆಗಿರಬೇಕು. ಹಂಚಬಹುದಾದ ನಗದಿನಲ್ಲಿ ಶೇ. 90 ಯೂನಿಟ್‌ದಾರರಿಗೆ ಹೋಗಬೇಕು. ಸಾಲ ಆಸ್ತಿ ಮೌಲ್ಯದ ಶೇ. 49 ಮೀರುವಂತಿಲ್ಲ, ಸ್ವತಂತ್ರ ಮೌಲ್ಯಮಾಪಕರು ವರ್ಷಕ್ಕೊಮ್ಮೆ ಬೆಲೆ ಕಟ್ಟಬೇಕು. ಮೊದಲು ಅರ್ಜಿಗೇ 2 ಲಕ್ಷ ಬೇಕಿತ್ತು. 2021ರಲ್ಲಿ ಅದು 10ರಿಂದ 15 ಸಾವಿರಕ್ಕೆ ಇಳಿಯಿತು, ಪೇಟೆಯಲ್ಲಿ ಒಂದೇ ಯೂನಿಟ್ ಕೊಳ್ಳಲೂ ಅವಕಾಶವಾಯಿತು. ಆದರೂ ಇದನ್ನು ಬ್ಯಾಂಕ್ ಠೇವಣಿ ಎಂದುಕೊಂಡರೆ ಕಷ್ಟ. ಯೂನಿಟ್ ಬೆಲೆ ದಿನವೂ ಏರಿಳಿಯುತ್ತದೆ. ಕೈಗೆ ಬರುವ ಹಣ ಬಡ್ಡಿ, ಲಾಭಾಂಶ, ಸಾಲದ ಮರುಪಾವತಿ ಎಂದು ಬೇರೆ ಬೇರೆ ತಲೆಬರಹದಲ್ಲಿ ಬರುವುದರಿಂದ ತೆರಿಗೆಯೂ ಒಂದೇ ಬಗೆಯದಲ್ಲ.

ಷೇರು ಎಂಬುದು ಪಾಂಡವಪುರದ ರೈತರಿಗೆ ಹೊಸದೇನಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಯ ಷೇರುದಾರರಾಗಿ ಅವರು ಆಡಳಿತ ಮಂಡಳಿಗೆ ಮತ ಹಾಕಿದರು, ಗೇಟಿನ ಮುಂದೆ ನಿಂತು ಬಾಕಿ ಕೇಳಿದರು. ಆ ಕಾರ್ಖಾನೆ 2020ರಲ್ಲಿ ನಿರಾಣಿ ಶುಗರ್ಸ್‌ಗೆ 40 ವರ್ಷದ ಗುತ್ತಿಗೆಗೆ ಹೋಯಿತು. ಯೂನಿಟ್‌ದಾರನಿಗೆ ಆ ಬಗೆಯ ಹತ್ತಿರದ ಹಿಡಿತವಿಲ್ಲ; ಲೆಕ್ಕಪತ್ರವೇ ಅವನ ಕೈಗಿರುವ ಹಿಡಿ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಬೆಲೆಯುಳ್ಳದ್ದು ಆ ಲೆಕ್ಕಪತ್ರವೇ. ಎಷ್ಟು ಅಂಗಡಿ ತುಂಬಿವೆ, ಯಾವ ಕರಾರು ಯಾವಾಗ ಮುಗಿಯುತ್ತದೆ ಎಂಬುದು ಒಂದೇ ಯೂನಿಟ್ ಇದ್ದವನಿಗೂ ಸಿಗುತ್ತದೆ.

ಅಂಥ ಲೆಕ್ಕ ನಮ್ಮ ಊರುಗಳಿಗೂ ಬೇಕಾಗಿದೆ. ಟ್ರಸ್ಟ್ ಷೇರುಪೇಟೆಗೆ ಬರುವ ಎರಡು ತಿಂಗಳ ಮೊದಲು, 2023ರ ಮಾರ್ಚ್ 12ರಂದು, 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಶ್ರೀರಂಗಪಟ್ಟಣಕ್ಕೂ ಬೈಪಾಸ್ ಆಯಿತು. ಕಾಫಿಗೆ, ಎಳನೀರಿಗೆ ನಿಲ್ಲುತ್ತಿದ್ದ ಕಾರುಗಳು ಊರ ಹೊರಗಿನಿಂದಲೇ ಹೋಗುತ್ತಿವೆ. ನಮ್ಮ ಪೇಟೆಬೀದಿಯ ಬಾಡಿಗೆ ಕೂಡ ಜನರ ಓಡಾಟದ ಮೇಲೇ ನಿಂತಿದೆ. ದೂರದ ಮಾಲ್ ಮಾಲೀಕರಿಗೆ ತಮ್ಮಲ್ಲಿಗೆ ಬರುವವರ ಅಂಕಿ ಗೊತ್ತಿರುತ್ತದೆ, ನಮಗೆ ಮಾತ್ರ ಅಂದಾಜು.

ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲೂ ಪುರಸಭೆ ಇದೆ. ಪುರಸಭೆಯ ವಾಣಿಜ್ಯ ಮಳಿಗೆ ಊರಿನ ಸ್ವತ್ತು, ಅದರ ಬಾಡಿಗೆ ಚರಂಡಿಗೂ ಬೀದಿದೀಪಕ್ಕೂ ಒದಗಬೇಕಾದ ಹಣ. ಅಲ್ಲಿ ಯಾವ ಮಳಿಗೆ ಯಾರ ಹೆಸರಿನಲ್ಲಿದೆ, ಒಳಗೆ ನಿಜಕ್ಕೂ ವ್ಯಾಪಾರ ಮಾಡುವವರು ಯಾರು, ಬಾಡಿಗೆ ಎಷ್ಟು, ಬಾಕಿ ಎಷ್ಟು, ಹರಾಜು ಯಾವಾಗ ಎಂಬ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕಚೇರಿಯ ಗೋಡೆಗೆ ಅಂಟಿಸಲು ಮುಂಬಯಿಯ ಮೌಲ್ಯಮಾಪಕರು ಬೇಕಾಗಿಲ್ಲ. ಮುಂದಿನ ಬಜೆಟ್ ಸಭೆಗೆ ಮುನ್ನ ಸದಸ್ಯರು ಈ ಪಟ್ಟಿಯನ್ನು ಕೇಳಲಿ, ಬಾಡಿಗೆದಾರ ವರ್ತಕರೂ ಜೊತೆಗೂಡಿ ಕೇಳಲಿ.