ಎತ್ತಿಗೆ ಸೋಮವಾರವಿದೆ, ಮಕ್ಕಳಿಗೆ ಯಾವ ವಾರ?

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿರಿಯ ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹೊಲದ ಹದ ಆರಿಹೋಗುತ್ತಿದ್ದರೂ, ಪಕ್ಕದ ಹೊಲದವನು ಟ್ರ್ಯಾಕ್ಟರ್ ತರಿಸಿ ಉಳುಮೆ ಮುಗಿಸಿದ್ದರೂ ಎತ್ತಿಗೆ ಅಂದು ಬಿಡುವು. ಮೈ ತೊಳೆದು, ಮೇವು ಹಾಕಿ ನೆರಳಲ್ಲಿ ಕಟ್ಟುತ್ತಾರೆ. ವಾರಕ್ಕೊಂದು ದಿನ ಬಿಡದ ಎತ್ತು ಬಹಳ ಕಾಲ ಬಾಳದೆಂಬುದು ಅವರ ಲೆಕ್ಕ.

ಅದೇ ಮನೆಯಲ್ಲಿ ಎರಡನೇ ಪಿಯುಸಿ ಓದುವ ಮಗಳಿದ್ದಾಳೆ ಎಂದುಕೊಳ್ಳಿ. ಬೆಳಿಗ್ಗೆ ಐದಕ್ಕೆ ಎದ್ದು ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್, ಭಾನುವಾರ ಮಾದರಿ ಪರೀಕ್ಷೆ. ಎಂಟನೇ ತರಗತಿಯವರೆಗೆ ಬಿಡಿಸಿದ ಚಿತ್ರಗಳ ಪುಸ್ತಕ ಅಟ್ಟ ಸೇರಿದೆ. ಮನೆಯವರೆಲ್ಲ ಜಾತ್ರೆಗೆ ಹೊರಟರೆ ಅವಳಿಗೆ ಮಾತ್ರ ‘ನಿನಗೆ ಪರೀಕ್ಷೆ ಇದೆ, ಅಜ್ಜಿ ಜೊತೆ ಇರು’ ಎಂಬ ಅಪ್ಪಣೆ. ಎತ್ತಿಗೆ ಸಿಕ್ಕ ಬಿಡುವು ಮಗಳಿಗೆ ಸಿಗಲಿಲ್ಲ. ಇದು ನಮ್ಮ ಎಷ್ಟೋ ಮನೆಗಳ ಕಥೆಯಲ್ಲವೇ?

ಮಾರ್ಮನ್ನರ ಸೋಮವಾರ

ಅಚ್ಚರಿಯೆಂದರೆ, ಸೋಮವಾರವನ್ನು ಹೀಗೆ ಬಿಡುವಿಗೆಂದು ಎತ್ತಿಟ್ಟ ಇನ್ನೊಂದು ಸಮುದಾಯ ಸಾವಿರಾರು ಮೈಲಿ ದೂರದಲ್ಲಿದೆ. ಅಮೆರಿಕದ ಉತಾಹ ರಾಜ್ಯದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಅವರನ್ನು ಲೋಕ ಮಾರ್ಮನ್ನರೆಂದು ಕರೆಯುತ್ತದೆ. 1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಕ್ರೈಸ್ತ ಪಂಥದ ಪೂರ್ಣ ಹೆಸರಿಗೆ ‘ಕೊನೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂಬ ಅರ್ಥ. ತಮ್ಮನ್ನು ಪೂರ್ಣ ಹೆಸರಿನಿಂದಲೇ ಕರೆಯಿರಿ ಎಂದು 2018ರಲ್ಲಿ ಅವರು ಕೇಳಿಕೊಂಡರು. ಕಿರುಕುಳ ತಾಳಲಾರದೆ ಊರೂರು ಬಿಟ್ಟ ಇವರು 1847ರಲ್ಲಿ ಎತ್ತಿನ ಗಾಡಿಗಳಲ್ಲಿ ಪಶ್ಚಿಮದ ಮರುಭೂಮಿಯಂಥ ಸಾಲ್ಟ್ ಲೇಕ್ ಕಣಿವೆ ತಲುಪಿ ನೆಲೆ ನಿಂತರು. ನಮ್ಮ ಬೆಂಗಳೂರಿನಲ್ಲೂ ಅವರ ಮಿಷನ್ ಕೇಂದ್ರ 1993ರಿಂದ ಇದೆ. ಅಲ್ಲಿ ದೇವಾಲಯ ಕಟ್ಟಲು 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ವಿಧಿ ನಡೆಯಿತು.

ವಾರಕ್ಕೊಂದು ಸಂಜೆ ತಂದೆ ತಾಯಿ ಮಕ್ಕಳು ಒಟ್ಟಿಗೆ ಕೂರಬೇಕೆಂದು ಈ ಸಭೆಯ ಹಿರಿಯರು 1915ರಲ್ಲೇ ಹೇಳಿದರು. 1970ರಲ್ಲಿ ಅದಕ್ಕೆ ಸೋಮವಾರ ಸಂಜೆಯನ್ನು ಗೊತ್ತುಮಾಡಿದರು. ಒಂದು ಪ್ರಾರ್ಥನೆ, ಒಂದು ಸಣ್ಣ ಪಾಠ, ಒಂದು ಆಟ, ಕೊನೆಗೆ ಏನಾದರೂ ತಿಂಡಿ. ಇಷ್ಟೇ ಅದರ ಕ್ರಮ. ಈಗ ಮನೆಯವರು ತಮಗೊಪ್ಪುವ ಬೇರೆ ದಿನವನ್ನೂ ಆರಿಸಿಕೊಳ್ಳಬಹುದು.

ಅವರ ಮಕ್ಕಳಿಗೆ ಓದಿನ ಹೊರೆ ಇಲ್ಲವೆಂದಲ್ಲ. ಹದಿನಾಲ್ಕರಿಂದ ಹದಿನೆಂಟು ವಯಸ್ಸಿನವರಿಗೆ ನಾಲ್ಕು ವರ್ಷ ಧರ್ಮಗ್ರಂಥದ ತರಗತಿ ಉಂಟು; ಎಷ್ಟೋ ಊರುಗಳಲ್ಲಿ ಅದು ಶಾಲೆಗೆ ಮೊದಲು, ನಸುಕಿನಲ್ಲೇ. ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಮೊದಲ ಭಾನುವಾರ, ಎರಡು ಹೊತ್ತಿನ ಊಟ ಬಿಟ್ಟು ಅದರ ಹಣವನ್ನು ಬಡವರಿಗೆ ಕೊಡುವ ಉಪವಾಸವೂ ಉಂಟು. 2020ರ ಜನವರಿಯಿಂದ ಮಕ್ಕಳಿಗೆಂದೇ ಹೊಸ ಕಾರ್ಯಕ್ರಮ ಬಂತು. ಮೈ, ಬುದ್ಧಿ, ಒಡನಾಟ, ಭಕ್ತಿ ಈ ನಾಲ್ಕರಲ್ಲೂ ಮಗು ಬೆಳೆಯಬೇಕು, ಗುರಿಯನ್ನು ಮಗುವೇ ಆರಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಗಿಟಾರ್ ಕಲಿಯುವುದೂ ಪ್ರಾರ್ಥನೆಯೂ ಒಂದೇ ಪಟ್ಟಿಯಲ್ಲಿ ಬರಬಹುದು. ಹವ್ಯಾಸವನ್ನು ಭಕ್ತಿಯ ಶತ್ರುವೆಂದೋ ಓದಿನ ಕಳ್ಳನೆಂದೋ ಅಲ್ಲಿ ಎಣಿಸಿಲ್ಲ.

ಬಯಲಡುಗೆಗೂ ಅಲ್ಲಿ ಮನ್ನಣೆಯಿದೆ. ಗಾಡಿಗಳ ಕಾಲದ ದಪ್ಪ ಎರಕದ ಕಬ್ಬಿಣದ ಪಾತ್ರೆಯನ್ನು ಉತಾಹ ರಾಜ್ಯ 1997ರಲ್ಲಿ ತನ್ನ ‘ರಾಜ್ಯ ಪಾತ್ರೆ’ಯೆಂದು ಘೋಷಿಸಿತು. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವುದು ಅದರ ವಿಶೇಷ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. ನಾವು ಅವರ ಧರ್ಮವನ್ನು ತರಬೇಕಿಲ್ಲ, ಪಾತ್ರೆಯನ್ನೂ ತರಬೇಕಿಲ್ಲ. ಹವ್ಯಾಸ, ಬಯಲೂಟ, ದೇವರು ಮೂರನ್ನೂ ಒಂದೇ ದಿನದಲ್ಲಿ ಹೊಂದಿಸುವುದು ನಮ್ಮ ಹಿರಿಯರಿಗೂ ಗೊತ್ತಿತ್ತು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ಶಾಂತವ್ವ ಕಟ್ಟಿಸಿದಳೆಂದು ಜನ ನಂಬುವ ಈ ಶಾಂತಿಸಾಗರದ ದಂಡೆಯಲ್ಲಿ ಸಿದ್ಧೇಶ್ವರನ ಗುಡಿಯಿದೆ. ದೇವರಿಗೆ ಕೈ ಮುಗಿದು, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಉಂಡು ಬರುವ ಕುಟುಂಬಗಳಿಗೆ ಅದು ಪೂಜೆಯೂ ಹೌದು, ವಿಹಾರವೂ ಹೌದು. ಅದೇ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ ಚಿತ್ರ ಬರೆಯುವ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ನೀರಿನ ನಡುವೆ ಪಾಳೇಗಾರರ ಕಾಲದ ವಸಂತ ಮಂಟಪ, ದಂಡೆಯಲ್ಲಿ ಬಿಜಾಪುರದವರ ಕಾಲದ ಮುಸಾಫಿರಖಾನೆ. ಎರಡು ಧರ್ಮಗಳ ಕಟ್ಟಡಗಳು ಒಂದೇ ನೀರಿನ ಬಳಿ ನಿಂತಿದ್ದು ಹೇಗೆ ಎಂದು ಮಗು ಕೇಳಿದರೆ, ಇತಿಹಾಸದ ಪಾಠ ಅಲ್ಲೇ ಶುರುವಾಯಿತು.

ಹೊನ್ನಾಳಿ ಸೀಮೆಯಲ್ಲಿ ಭೂಮಿ ಹುಣ್ಣಿಮೆ ಇದೆ. ಹಿಂದಿನ ರಾತ್ರಿಯೆಲ್ಲ ಬೆರಕೆ ಸೊಪ್ಪು ಬೇಯಿಸಿ, ನಸುಕಿನಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಸುರಿ ಭೂಮಿತಾಯಿಯ ಬಯಕೆ ತೀರಿಸಿ, ಪೈರಿನ ಬದುವಿನಲ್ಲೇ ಕೂತು ಉಣ್ಣುವ ಹಬ್ಬ. ಎಷ್ಟು ಬಗೆಯ ಸೊಪ್ಪು ಗುರುತಿಸಬಲ್ಲೆ ಎಂದು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಗೆ ಸಸ್ಯಶಾಸ್ತ್ರ ಹೊರೆಯಾಗದು.

ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುತ್ತಾರೆ. ಫೆಬ್ರುವರಿಯ ಜಯಂತಿಗೆ ಮಾಲೆ ಧರಿಸಿ ನಡೆದು ಬರುವವರಿದ್ದಾರೆ. ಬಯಲಲ್ಲಿ ಬೆಂಕಿ ಹೂಡಿ, ತುಪ್ಪ ಮತ್ತು ಸಿಹಿಯನ್ನು ಅದಕ್ಕೆ ಅರ್ಪಿಸುವ ‘ಭೋಗ್’ ಅವರ ಮುಖ್ಯ ಆಚರಣೆ. ಅಡುಗೆಯ ಬೆಂಕಿಗೂ ಪೂಜೆಯ ಬೆಂಕಿಗೂ ಅಲ್ಲಿ ಅಂತರ ಬಹಳ ಕಡಿಮೆ.

ಜಗಳೂರಿಗೆ ಬಂದರೆ ಮಾತು ಬದಲಾಗುತ್ತದೆ. ಅಲ್ಲಿನ ರಂಗಯ್ಯನದುರ್ಗದ ಅಭಯಾರಣ್ಯ ಇರುವುದು ಕೊಂಡುಕುರಿಗಾಗಿ. ಗಂಡಿಗೆ ಮಾತ್ರ, ಅದೂ ನಾಲ್ಕು ಕೊಂಬು ಬರುವ ಈ ಪ್ರಾಣಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬದುಕಿಲ್ಲ. ಅಲ್ಲಿಗೆ ದುರ್ಬೀನು, ನೋಟ್‌ಬುಕ್ ಸಾಕು, ಊಟ ಬುತ್ತಿಯಲ್ಲಿರಲಿ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕುರುಚಲು ಕಾಡಿಗೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು.

ಒಲೆ ಹೂಡುವ ಮುನ್ನ

ಅಪ್ಪಣೆ ಇರುವ ಕಡೆ ಒಲೆ ಹೂಡುವುದಾದರೆ ಮಕ್ಕಳ ಕೈಗೇ ಕೆಲಸ ಕೊಡಿ. ಒಣಹುಲ್ಲಿಲ್ಲದ ನೆಲ ಹುಡುಕಲಿ. ಗಾಳಿಗೆ ಕಿಡಿ ಯಾವ ಕಡೆ ಹಾರೀತೆಂದು ನೋಡಿ ಒಲೆ ಹೂಡಲಿ. ಪಾತ್ರೆಯ ಹೊರಮೈಗೆ ಮೊದಲೇ ಮಣ್ಣು ಕಲಸಿ ಬಳಿದರೆ ಮಸಿ ಸುಲಭವಾಗಿ ಹೋಗುತ್ತದೆ. ಉಪ್ಪಿಟ್ಟು, ಚಿತ್ರಾನ್ನದಿಂದ ಆರಂಭಿಸಲಿ. ಹೊರಡುವಾಗ ಬೂದಿಗೆ ನೀರು ಹಾಕಿ ಕೆದಕಿ, ಬಿಸಿ ಆರಿದೆಯೇ ಎಂದು ನೋಡಲಿ. ಪಾತ್ರೆಯನ್ನು ಕೆರೆಗಿಳಿಸಿ ತೊಳೆಯುವುದು ಬೇಡ. ಸೂಳೆಕೆರೆಯ ನೀರನ್ನು ಚಿತ್ರದುರ್ಗದವರು ಕುಡಿಯುತ್ತಾರೆ. ಇದಿಷ್ಟನ್ನು ಮಾಡಿದ ಹುಡುಗ ಹುಡುಗಿಯರು ಅಡುಗೆಯ ಜೊತೆಗೆ ಹೊಣೆಯನ್ನೂ ಕಲಿತಿರುತ್ತಾರೆ.

ಪೋಷಕರೇ, ಒಂದು ಎಚ್ಚರಿಕೆ. ಬಿಡುವಿನ ದಿನಕ್ಕೂ ವೇಳಾಪಟ್ಟಿ ಹಾಕಿ, ‘ಚಿತ್ರ ಬರೆದೆಯಾ? ಧ್ಯಾನ ಮಾಡಿದೆಯಾ?’ ಎಂದು ಲೆಕ್ಕ ಕೇಳತೊಡಗಿದರೆ ಅದು ಇನ್ನೊಂದು ಟ್ಯೂಷನ್ ಆದೀತು. ದೇವರ ವಿಷಯದಲ್ಲಂತೂ ಇದು ಇನ್ನೂ ನಿಜ. ಹದಿನಾರರ ವಯಸ್ಸಿನಲ್ಲಿ ‘ಉಪವಾಸ ಏಕೆ? ಪೂಜೆ ಏಕೆ?’ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಅದನ್ನು ಅಧಿಕಪ್ರಸಂಗವೆಂದು ಗದರಿಸಿದರೆ ಮಗು ಕೇಳುವುದನ್ನು ನಿಲ್ಲಿಸುತ್ತದೆ, ಹುಡುಕುವುದನ್ನೂ ನಿಲ್ಲಿಸುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ. ಒಲೆಯ ಮುಂದೆ ಕೂತು ಹಾಗೆ ಹೇಳುವುದು ಸುಲಭ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಬಿಡುವು ಕೇಳುವವರು ಉಳಿದ ಆರು ದಿನ ಗೇಯಬೇಕು. ನಿತ್ಯವೂ ಗಂಟೆಗಟ್ಟಲೆ ಮೊಬೈಲ್ ಹಿಡಿದು ಕೂತು, ವಾರದ ಸಂಜೆಯೂ ನನಗೆ ಬೇಕು ಎಂದರೆ ಅಪ್ಪ ಅಮ್ಮ ಒಪ್ಪಲಾರರು. ಯಾವ ಸಂಜೆ, ಎಷ್ಟು ಹೊತ್ತು, ಪರೀಕ್ಷೆಯ ತಿಂಗಳಲ್ಲಿ ಹೇಗೆ ಎಂದು ಮೊದಲೇ ಕೂತು ಮಾತಾಡಿ. ಒಪ್ಪಂದ ಆದ ಮೇಲೆ ಎರಡೂ ಕಡೆಯವರು ಅದಕ್ಕೆ ನಡೆದುಕೊಳ್ಳಬೇಕು.

ಅಟ್ಟದ ಮೇಲಿನ ಚಿತ್ರದ ಪುಸ್ತಕ ಇನ್ನೂ ಅಲ್ಲೇ ಇದೆ. ಇಳಿಸಲು ಏಣಿಯೊಂದು ಸಾಕು. ಮುಂದಿನ ಸೋಮವಾರ ಸಂಜೆ, ಕೊಟ್ಟಿಗೆಯಲ್ಲಿ ಎತ್ತು ಮೆಲುಕು ಹಾಕುತ್ತಿರುವಾಗ, ಮಗಳನ್ನೂ ಒಂದು ಗಳಿಗೆ ಬಿಟ್ಟು ನೋಡಿ.